ಕೆರೆಯ ಉಸಿರು ತಿಳಿಯುವುದು ಬೆಳಗಿನ ಜಾವ: ಕೆ.ಸಿ. ವ್ಯಾಲಿ ನೀರಿನ ಗೊಂದಲ ಇರುವುದೆಲ್ಲಿ?

ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳ ಬಗ್ಗೆ ಎರಡು ಥರದ ಸುದ್ದಿ ಬರುತ್ತಲೇ ಇರುತ್ತವೆ. ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ಒಳಚರಂಡಿ ನೀರು ಪರೀಕ್ಷೆಯಲ್ಲಿ ಪಾಸಾಗಿದೆ, ಎಲ್ಲವೂ ಮಿತಿಯೊಳಗೇ ಇದೆ ಎಂಬುದು ಒಂದು. ಕೆರೆ ಹಸಿರುಗಟ್ಟಿದೆ, ವಾಸನೆ ಬರುತ್ತಿದೆ, ಬೇಸಿಗೆಯಲ್ಲಿ ಮೀನು ಸತ್ತು ತೇಲಿವೆ ಎಂಬುದು ಇನ್ನೊಂದು. ಎರಡನ್ನೂ ಓದಿದವರಿಗೆ ಒಂದಾದರೂ ಸುಳ್ಳಿರಬೇಕು ಅನ್ನಿಸುತ್ತದೆ. ಆದರೆ ಎರಡೂ ನಿಜವಾಗಿರಬಹುದು.

ಹೇಗೆ ಎಂದು ತಿಳಿಯಬೇಕಾದರೆ, ನೀರು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಪರೀಕ್ಷೆಯಲ್ಲಿ ಅಳೆದದ್ದು ಏನನ್ನು, ಎಷ್ಟು ಗಂಟೆಗೆ ಎಂದು ಮೊದಲು ಕೇಳಬೇಕು. ಇದಕ್ಕೆ ದಾರಿ ತೋರುವ ಶಾಸ್ತ್ರಗಳು ಎರಡಿವೆ. ಒಂದು ಹಳ್ಳ, ತೊರೆಗಳ ಜೀವಜಾಲವನ್ನು ಓದುವಂಥದ್ದು. ಇನ್ನೊಂದು ಓಡುವ, ದುಡಿಯುವ ಮನುಷ್ಯನ ಉಸಿರನ್ನು ಅಳೆಯುವಂಥದ್ದು. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಎರಡೂ ಲೆಕ್ಕ ಹಾಕುವುದು ಆಮ್ಲಜನಕವನ್ನೇ.

ನೀರು ಬಂದ ಬಗೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಇದೆ, ಆದರೆ ಅದು ಮಳೆಗಾಲದ ಹೊಳೆ. ಹಾಗಾಗಿ ಹಿಂದಿನವರು ಕೆರೆ ಕಟ್ಟಿದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಮಳೆ ಕೈಕೊಟ್ಟು, ಕಾಲುವೆಗಳು ಮುಚ್ಚಿ, ಬೋರ್‌ವೆಲ್‌ಗಳು ಹೆಚ್ಚಿದ ಮೇಲೆ ನೀರು ಸಾವಿರ ಅಡಿಗೂ ಕೆಳಗೆ ಇಳಿಯಿತು. ಅಷ್ಟು ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಕಾಟ ಬೇರೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ. ನಾವೆಲ್ಲ ಕೆ.ಸಿ. ವ್ಯಾಲಿ ಎನ್ನುವುದು ಇದನ್ನೇ. ಬೆಂಗಳೂರಿನ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ, ಅಂದರೆ ಬ್ಯಾಕ್ಟೀರಿಯಾಗಳಿಂದ ಕೊಳೆ ತಿನ್ನಿಸುವವರೆಗೆ, ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ 126 ಕೆರೆಗಳಿಗೆ ಹರಿಸುವುದು ಗುರಿ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿಕೊಂಡಿತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಕಡೆಯಿಂದ ವಿಷಯ ಕೋರ್ಟ್ ಮೆಟ್ಟಿಲೇರಿತು. 2018ರ ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆ ಕೊಟ್ಟಿತು. ಎರಡೂ ಆಮೇಲೆ ತೆರವಾದವು. ಚಿಕ್ಕಬಳ್ಳಾಪುರದ ಕಡೆಗೆ ಇದೇ ಥರ ಹೆಬ್ಬಾಳ–ನಾಗವಾರ ಕಣಿವೆಯ ನೀರು ಬಂತು. ಎಚ್.ಎನ್. ವ್ಯಾಲಿ ಎಂಬ ಆ ಯೋಜನೆಯ ಗುರಿ ದಿನಕ್ಕೆ 21 ಕೋಟಿ ಲೀಟರ್, 65 ಕೆರೆ.

ಎರಡು ವಾದ

ಯೋಜನೆಯ ಪರ ಇರುವವರು ತೋರಿಸುವುದು ಅಂತರ್ಜಲವನ್ನು. ತುಂಬಿದ ಕೆರೆಗಳ ಸುತ್ತ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂದಿದೆ. ಟೊಮೆಟೊ, ರೇಷ್ಮೆ, ಹಾಲು ಎಲ್ಲವೂ ನಿಂತಿರುವುದು ಈ ನೀರಿನ ಮೇಲೆ. ಕೆರೆಗೆ ಬಿಡುವ ನೀರು ಕುಡಿಯಲಿಕ್ಕಲ್ಲ, ನೇರವಾಗಿ ಪಂಪ್ ಇಟ್ಟು ಎತ್ತಲಿಕ್ಕೂ ಅಲ್ಲ, ಇಂಗಲಿಕ್ಕೆ ಮಾತ್ರ ಎಂಬುದು ಸರ್ಕಾರದ ನಿಲುವು. ಇಂಗುವಾಗ ಮಣ್ಣೇ ಸೋಸುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ವಿರೋಧಿಸುವವರು ನೀರು ಬೇಡ ಎನ್ನುತ್ತಿಲ್ಲ. ಅದಾದ ಮೇಲೆ ಇನ್ನೊಮ್ಮೆ ಶುದ್ಧ ಮಾಡುವ ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಎನ್ನುತ್ತಿದ್ದಾರೆ. ಇಲ್ಲಿನ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ಇಳಿಯುವ ನೀರು, ಮರಳಿನಲ್ಲಿ ಸೋಸಿಹೋದಂತೆ ಸೋಸಿಹೋಗುವುದಿಲ್ಲ. ಇದು ತೂಕದ ಮಾತು. ಹಾಗೆಯೇ, ಬತ್ತಿದ ಬೋರ್‌ವೆಲ್ ಮುಂದೆ ಸಾಲದ ಪತ್ರ ಹಿಡಿದು ನಿಂತ ರೈತನಿಗೆ ನೀರು ಬಂದಿದ್ದು ಸಣ್ಣ ವಿಷಯವಲ್ಲ.

ಈ ಜಗಳದಲ್ಲಿ ಎರಡೂ ಕಡೆಯವರು ಕೈಯಲ್ಲಿ ಹಿಡಿದಿರುವುದು ಒಂದೇ ಬಗೆಯ ಕಾಗದ: ಲ್ಯಾಬ್ ವರದಿ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಬಾಟಲಿಯೊಳಗಿನ ಪರೀಕ್ಷೆ

ವರದಿಯಲ್ಲಿ ಎಲ್ಲರೂ ಮೊದಲು ನೋಡುವ ಸಂಖ್ಯೆ ಬಿಒಡಿ. ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಅದು ಹೇಳುತ್ತದೆ. ನೀರನ್ನು ಬಾಟಲಿಗೆ ತುಂಬಿ, ಮುಚ್ಚಿ, ಕತ್ತಲಲ್ಲಿ ಇಡುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ 27 ಡಿಗ್ರಿಯಲ್ಲಿ ಮೂರು ದಿನ. ಮೊದಲು ಇದ್ದ ಆಮ್ಲಜನಕದಲ್ಲಿ ಕೊನೆಗೆ ಉಳಿದದ್ದನ್ನು ಕಳೆದರೆ ಲೆಕ್ಕ ಸಿಗುತ್ತದೆ. 2017ರ ಕೇಂದ್ರದ ನಿಯಮದ ಪ್ರಕಾರ ಮಹಾನಗರಗಳ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನ ಬಿಒಡಿ ಲೀಟರಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಇಳಿಸಬೇಕು ಎಂದಿತು.

ಈ ಪರೀಕ್ಷೆ ಒಳ್ಳೆಯದೇ. ಆದರೆ ಅದು ಕೊಳೆಯ ಹಸಿವನ್ನು ಅಳೆಯುತ್ತದೆ, ಗೊಬ್ಬರವನ್ನಲ್ಲ. ಒಳಚರಂಡಿ ನೀರಿನಲ್ಲಿ ಸಾರಜನಕ ಇದೆ, ರಂಜಕ ಇದೆ. ಗದ್ದೆಗೆ ಹಾಕುವ ಯೂರಿಯಾ, ಡಿಎಪಿಯಲ್ಲಿ ಇರುವುದೂ ಅವೇ. ಎರಡನೇ ಹಂತದ ಶುದ್ಧೀಕರಣ ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ. ಅದಕ್ಕೆಂದೇ ವ್ಯವಸ್ಥೆ ಮಾಡದಿದ್ದರೆ ಸಾರಜನಕ, ರಂಜಕದಲ್ಲಿ ದೊಡ್ಡ ಪಾಲು ನೀರಿನಲ್ಲೇ ಉಳಿದುಬಿಡುತ್ತದೆ.

ಈ ನೀರು ಕೆರೆಗೆ ಬಂದಾಗ ಏನಾಗುತ್ತದೆ? ಬಾಟಲಿಯಲ್ಲಿ ಕತ್ತಲಿತ್ತು, ಕೆರೆಯಲ್ಲಿ ಬಿಸಿಲಿದೆ. ಬಿಸಿಲು, ಗೊಬ್ಬರ, ನಿಂತ ನೀರು ಮೂರೂ ಸೇರಿದರೆ ಪಾಚಿ ಬೆಳೆಯುತ್ತದೆ. ಅಂದರೆ ಘಟಕದ ಬಾಗಿಲಲ್ಲಿ ತೆಗೆದುಹಾಕಿದ ಕೊಳೆ, ಕೆರೆಯೊಳಗೆ ಹಸಿರು ರೂಪದಲ್ಲಿ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ವರದಿ ಸುಳ್ಳು ಹೇಳಿಲ್ಲ. ಕೆರೆಯ ಬಗ್ಗೆ ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ನೀರ ಹುಳುವಿನಿಂದ ಸೈಕಲ್‌ವರೆಗೆ

ಹಾಗಾದರೆ ಕೆರೆಯನ್ನು ಕೇಳುವುದು ಹೇಗೆ? ಇಲ್ಲಿ ಒಬ್ಬ ವಿಜ್ಞಾನಿಯ ಬದುಕಿನ ಕೆಲಸವನ್ನು ನೋಡುವುದು ಉಪಯೋಗಕ್ಕೆ ಬರುತ್ತದೆ. ಡೆನ್ಮಾರ್ಕ್‌ನ ಆಗಸ್ಟ್ ಕ್ರೋಗ್, ಹುಟ್ಟಿದ್ದು 1874ರಲ್ಲಿ. ಅವರ ಮೊದಲ ಆಸಕ್ತಿ ಒಂದು ಸಣ್ಣ ನೀರ ಹುಳು. ಗಾಜಿನಂತೆ ಮೈಯೊಳಗೆಲ್ಲ ಕಾಣುವ, ಸೊಳ್ಳೆಯ ಹತ್ತಿರದ ನಂಟಿನ ಒಂದು ನೊಣದ ಮರಿ ಅದು. ಅದರ ಮೈಯೊಳಗೆ ಗಾಳಿಯ ಪುಟ್ಟ ಚೀಲಗಳಿವೆ. ಅವುಗಳಿಂದ ಅದು ನೀರಿನಲ್ಲಿ ಮೇಲೂ ಕೆಳಗೂ ಹೋಗುತ್ತದೆ. ಕ್ರೋಗ್ ಆ ಚೀಲದೊಳಗಿನ ಚೂರು ಗಾಳಿಯಲ್ಲಿ ಏನಿದೆ ಎಂದು ಅಳೆಯಹೊರಟರು. ಅಷ್ಟು ಸಣ್ಣ ಗುಳ್ಳೆಯನ್ನು ಅಳೆಯುವ ಸಾಧನ ಬೇಕಿತ್ತು. ಆ ಬಗೆಯ ಸೂಕ್ಷ್ಮ ಸಾಧನಗಳನ್ನು ಕಟ್ಟುವುದರಲ್ಲೇ ಅವರು ಪಳಗಿದರು.

ಆ ಕೈಚಳಕ ಅವರನ್ನು ಮನುಷ್ಯನ ಶ್ವಾಸಕೋಶಕ್ಕೆ ತಂದಿತು. ಶ್ವಾಸಕೋಶ ಆಮ್ಲಜನಕವನ್ನು ತಾನೇ ಒಳಗೆ ತಳ್ಳುತ್ತದೆ ಎಂದು ಅವರ ಗುರು ಕ್ರಿಶ್ಚಿಯನ್ ಬೋರ್ ನಂಬಿದ್ದರು. ಕ್ರೋಗ್ ಅಳೆದು ನೋಡಿದಾಗ ಹಾಗಿರಲಿಲ್ಲ. ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ತಾನಾಗಿ ಹರಡುತ್ತದೆ, ಅಷ್ಟೇ. ಈ ಕೆಲಸದಲ್ಲಿ ಅವರ ಜೊತೆಗಿದ್ದವರು ಹೆಂಡತಿ ಮಾರಿ ಕ್ರೋಗ್, ಸ್ವತಃ ವೈದ್ಯೆ. ಗುರುವಿನ ಮಾತಿಗೆ ಎದುರಾಗಿ ಅಂಕಿಗಳನ್ನು ಇಡುವುದು ಅಂದಿಗೂ ಇಂದಿಗೂ ಸುಲಭವಲ್ಲ. ಇಬ್ಬರೂ ಇಟ್ಟರು.

ಆಮೇಲೆ ಕ್ರೋಗ್, ಯೋಹಾನೆಸ್ ಲಿಂಡ್‌ಹಾರ್ಡ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ, ನಿಂತಲ್ಲೇ ತುಳಿಯುವ ಸೈಕಲ್ ಒಂದನ್ನು ಕಟ್ಟಿದರು. ಅದರ ಮೇಲೆ ಜನರನ್ನು ಕೂರಿಸಿ ತುಳಿಸುತ್ತಾ ಅವರ ಉಸಿರನ್ನು ಅಳೆದರು. ವ್ಯಾಯಾಮದ ಶರೀರಶಾಸ್ತ್ರಕ್ಕೆ ಅಡಿಪಾಯ ಹಾಕಿದ ಕೆಲಸಗಳಲ್ಲಿ ಅದೂ ಒಂದು. ಸುಮ್ನೆ ಕೂತಾಗ ಸ್ನಾಯುವಿನ ಸಣ್ಣ ರಕ್ತನಾಳಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ, ದುಡಿಯುವಾಗ ತೆರೆದುಕೊಳ್ಳುತ್ತವೆ ಎಂದು ಅವರು ತೋರಿಸಿದರು. 1920ರ ನೊಬೆಲ್ ಬಂದದ್ದು ಅದಕ್ಕೆ.

ಹುಳುವಿನಿಂದ ಸೈಕಲ್‌ಗೆ ಬಂದ ಈ ದಾರಿಯಲ್ಲಿ ಅವರು ಹಿಡಿದ ಪ್ರಶ್ನೆ ಬದಲಾಗಲೇ ಇಲ್ಲ. ಆಮ್ಲಜನಕ ಎಲ್ಲಿಂದ ಬರುತ್ತದೆ, ಎಷ್ಟು ಖರ್ಚಾಗುತ್ತದೆ, ಬೇಕಾದಾಗ ಸಾಕಾಗುತ್ತದಾ?

ಮೆಟ್ಟಿಲು ಹತ್ತಿದಾಗ ತಿಳಿಯುವುದು

ದೊಡ್ಡವರೊಬ್ಬರು ಸುಮ್ನೆ ಕೂತಿರುವಾಗ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬಳಸುತ್ತಾರೆ. ದೂರದ ಓಟದ ಒಳ್ಳೆಯ ಪಟುಗಳಲ್ಲಿ ಅದು 5 ಲೀಟರ್ ಮುಟ್ಟುವುದೂ ಉಂಟು. ಕೂತಾಗ ತೆಗೆದ ಇಸಿಜಿ ಸರಿಯಾಗಿಯೇ ಕಾಣಿಸಬಹುದು. ತೊಂದರೆ ಗೊತ್ತಾಗುವುದು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ. ಅಥವಾ ಕೋಲಾರದವರೇ ಹೇಳುವ ಹಾಗೆ ಹೇಳುವುದಾದರೆ, ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿದಾಗ. ದೇಹದ ಬಲ ಗೊತ್ತಾಗುವುದು ಅದಕ್ಕೆ ಕಷ್ಟ ಬಂದಾಗಲೇ.

ಕೆರೆಗೆ ಕಷ್ಟದ ಹೊತ್ತು ಯಾವುದು? ಸೂರ್ಯ ಹುಟ್ಟುವುದಕ್ಕೆ ಮೊದಲು.

1956ರಲ್ಲಿ ಅಮೆರಿಕದ ಪರಿಸರ ವಿಜ್ಞಾನಿ ಹೊವಾರ್ಡ್ ಓಡಮ್ ಹರಿಯುವ ನೀರಿಗೆ ಈ ಲೆಕ್ಕವನ್ನು ಹಾಕುವ ದಾರಿ ತೋರಿಸಿದರು. ಒಂದು ತೊರೆಯಲ್ಲಿ ಕರಗಿರುವ ಆಮ್ಲಜನಕವನ್ನು ಹಗಲೂ ರಾತ್ರಿ ಅಳೆಯುತ್ತಾ ಹೋಗಬೇಕು. ಹಗಲು ಪಾಚಿ, ಗಿಡಗಳು ಆಮ್ಲಜನಕ ಬಿಡುತ್ತವೆ, ಗೆರೆ ಏರುತ್ತದೆ. ರಾತ್ರಿ ಅವೇ ಪಾಚಿ, ಜೊತೆಗೆ ಮೀನು, ಹುಳು, ಬ್ಯಾಕ್ಟೀರಿಯಾ, ತಳದ ಕೆಸರು ಎಲ್ಲವೂ ಆಮ್ಲಜನಕ ಎಳೆದುಕೊಳ್ಳುತ್ತವೆ, ಗೆರೆ ಇಳಿಯುತ್ತದೆ. ಗಾಳಿಯಿಂದ ನೀರಿಗೆ ಸೇರುವುದನ್ನೂ ಲೆಕ್ಕಕ್ಕೆ ತಂದರೆ, ಇಡೀ ತೊರೆ ಒಂದು ದಿನದಲ್ಲಿ ಎಷ್ಟು ಉಸಿರಾಡಿತು ಎಂದು ಹೇಳಬಹುದು. ತೊರೆಯನ್ನೇ ಸೈಕಲ್ ಮೇಲೆ ಕೂರಿಸಿ ಅಳೆದಂತೆ ಇದು. ಇಂದು ತೊರೆ, ಹಳ್ಳಗಳ ಅಧ್ಯಯನದಲ್ಲಿ ಇದು ನಿತ್ಯದ ಕೆಲಸ. ಕೆರೆಗೂ ಇದೇ ಲೆಕ್ಕ ಒಪ್ಪುತ್ತದೆ.

ಒಂದೇ ಕೆರೆ, ಎರಡು ಫಲಿತಾಂಶ

ಈಗ ಈ ಲೆಕ್ಕವನ್ನು ನಮ್ಮ ಕೆರೆಗೆ ತರೋಣ. ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಕರಗುತ್ತದೆ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದ್ದು ಏಳೂವರೆ ಹಿಡಿಯುತ್ತದೆ. ಕೋಲಾರ ಎಂಟುನೂರು ಮೀಟರಿಗಿಂತ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಇಲ್ಲಿ ಅದು ಏಳಕ್ಕಿಂತ ಕೆಳಗೇ ಉಳಿಯುತ್ತದೆ. ಒಂದು ಲೀಟರ್ ಗಾಳಿಯಲ್ಲಿ ಇದರ ಮೂವತ್ತು ಪಟ್ಟಿಗೂ ಜಾಸ್ತಿ ಆಮ್ಲಜನಕ ಇದೆ. ನಮಗಿರುವ ಧಾರಾಳ ಮೀನಿಗಿಲ್ಲ.

ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀರು ತೆಗೆದರೆ ಆಮ್ಲಜನಕ ಬೇಕಾದಷ್ಟು ಇರುತ್ತದೆ. ಕೆಲವೊಮ್ಮೆ ನೀರು ಮಾಮೂಲಾಗಿ ಹಿಡಿಯುವುದಕ್ಕಿಂತಲೂ ಜಾಸ್ತಿ. ಪಾಚಿ ಜಾಸ್ತಿಯಾದಷ್ಟೂ ಈ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಅದೇ ಕೆರೆಯಲ್ಲಿ ಬೆಳಗಿನ ಜಾವ ಐದು ಗಂಟೆಗೆ ತೆಗೆದರೆ ಅದು ಎರಡಕ್ಕೆ, ಒಂದಕ್ಕೆ ಇಳಿದಿರಬಹುದು. ಆಗ ಕಟ್ಲಾ, ರೋಹು ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತವೆ. ಮೀನು ಸಾಕುವವರಿಗೆ ಈ ನೋಟ ಗೊತ್ತು. ಮೋಡ ಮುಚ್ಚಿದ ದಿನ ಹಗಲಿನ ಆದಾಯವೂ ಕಡಿಮೆ. ಮುಂಗಾರಿಗೆ ಮೊದಲಿನ ಒಂದು ಜೋರು ಮಳೆ ಬಂದು ತಳದ ಕೆಸರು ಕದಡಿದರೆ ಖರ್ಚು ಒಮ್ಮೆಲೇ ಏರುತ್ತದೆ. ಬೆಳಗಾಗುವಷ್ಟರಲ್ಲಿ ಮೀನು ತೇಲಿರುತ್ತವೆ. ಯಾರೋ ವಿಷ ಹಾಕಿದರು ಎಂಬ ಮಾತು ಹುಟ್ಟುತ್ತದೆ. ವಿಷ ಹಾಕಿದ ಪ್ರಕರಣಗಳೂ ಇರಬಹುದು. ಆದರೆ ವಿಷವಿಲ್ಲದೆಯೂ ಹೀಗಾಗುತ್ತದೆ.

ಮಧ್ಯಾಹ್ನವೂ ಪೂರ್ತಿ ಸುರಕ್ಷಿತವಲ್ಲ. ಪಾಚಿ ಬಿಸಿಲಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಾಗ ನೀರಿನ ಪಿಎಚ್ ಏರುತ್ತದೆ, ಅಂದರೆ ನೀರು ಹೆಚ್ಚು ಕ್ಷಾರವಾಗುತ್ತದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ಅಷ್ಟೇನೂ ತೊಂದರೆ ಕೊಡದು, ಇನ್ನೊಂದು ಮೀನಿಗೆ ವಿಷ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷದ ರೂಪ ನೂರಕ್ಕೆ ಒಂದು ಪಾಲೂ ಇಲ್ಲ. 8 ಆದಾಗ ಸುಮಾರು ಐದು ಪಾಲು. 9 ಮುಟ್ಟಿದರೆ ಮೂರನೇ ಒಂದಕ್ಕಿಂತಲೂ ಜಾಸ್ತಿ. ಲ್ಯಾಬಿಗೆ ಹೋದ ಬಾಟಲಿಯಲ್ಲಿ ಒಟ್ಟು ಅಮೋನಿಯಾ ಒಂದೇ ಇರುತ್ತದೆ. ಅದರಿಂದಾಗುವ ಹಾನಿ ಮಾತ್ರ ಗಂಟೆಗಂಟೆಗೂ ಬದಲಾಗುತ್ತದೆ.

ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಎಷ್ಟು ಗಂಟೆಗೆ ಎಂದು ಅದು ಹೇಳುವುದಿಲ್ಲ. ಕಚೇರಿಯ ಸಮಯ ಹತ್ತರಿಂದ ಐದೂವರೆ. ಆ ಹೊತ್ತಿನಲ್ಲಿ ತುಂಬಿದ ಬಾಟಲಿಗೆ ಬೆಳಗಿನ ಜಾವದ ಸ್ಥಿತಿ ಗೊತ್ತಾಗುವುದೇ ಇಲ್ಲ. ಎರಡೂ ಸುದ್ದಿ ನಿಜವಾಗುವುದು ಹೀಗೆ.

ಬದುಕಿರುವ ಮೀನು, ಕೆಂಪು ಹುಳು

ಕೆರೆಯಲ್ಲಿ ಮೀನು ಚೆನ್ನಾಗಿಯೇ ಇವೆಯಲ್ಲ ಎಂಬ ವಾದವೂ ಕೇಳಿಬರುತ್ತದೆ. ಯಾವ ಮೀನು ಎಂದು ನೋಡಬೇಕು. ಕೊರವ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತವೆ. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೂ ಅವು ಬದುಕುತ್ತವೆ. ಜಿಲೇಬಿ ಮೀನು ಕೂಡ ಬಹಳ ತಡೆದುಕೊಳ್ಳುತ್ತದೆ. ಇವು ಮಾತ್ರ ಉಳಿದು ಬೇರೆ ಮೀನುಗಳು ಕಾಣೆಯಾಗಿದ್ದರೆ, ಕೆರೆ ಉಸಿರುಕಟ್ಟಿದೆ ಎಂದೇ ಅರ್ಥ.

ತಳದ ಹುಳುಗಳು ಇನ್ನೂ ಸ್ಪಷ್ಟವಾಗಿ ಹೇಳುತ್ತವೆ. ತೊರೆಗಳನ್ನು ಅಧ್ಯಯನ ಮಾಡುವವರು ಮೊದಲು ಕಲ್ಲೆತ್ತಿ ನೋಡುವುದು ಇವುಗಳಿಗಾಗಿಯೇ. ನಂದಿಬೆಟ್ಟ, ದೇವರಾಯನದುರ್ಗದ ಕಡೆಯ ಮಳೆಗಾಲದ ತೊರೆಗಳಂಥ ತಣ್ಣನೆಯ, ಹರಿಯುವ ನೀರಿನಲ್ಲಿ ಮೇಫ್ಲೈ ಎಂಬ ಕೀಟದ ಮರಿಗಳಂಥ ನಾಜೂಕು ಜೀವಿಗಳು ಬದುಕಬಲ್ಲವು. ಆಮ್ಲಜನಕ ತೀರಿದ ಕೆಸರಿನಲ್ಲಿ ಉಳಿಯುವುದು ಕೆಂಪು ಹುಳು. ಅದು ಕೆಂಪಗಿರುವುದು ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್‌ನಿಂದ. ಇದ್ದಷ್ಟು ಆಮ್ಲಜನಕವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಬಿನ ಬಾಟಲಿ ಆ ಒಂದು ಗಳಿಗೆಯ ಮಾತು ಹೇಳುತ್ತದೆ. ತಳದ ಹುಳು ಕಳೆದ ಕೆಲವು ವಾರಗಳ ಕಥೆ ಹೇಳುತ್ತದೆ.

ಆಮ್ಲಜನಕ ಹೇಳದ ವಿಷಯಗಳು

ಆಮ್ಲಜನಕ ಎಲ್ಲಕ್ಕೂ ಉತ್ತರ ಕೊಡುವುದಿಲ್ಲ. ಭಾರ ಲೋಹಗಳು ಇವೆಯೇ, ರೋಗಾಣುಗಳು ಎಷ್ಟಿವೆ, ಔಷಧಿಗಳ ಉಳಿಕೆ ಇದೆಯೇ ಎಂಬುದಕ್ಕೆ ಬೇರೆ ಪರೀಕ್ಷೆಗಳೇ ಬೇಕು. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಏರುತ್ತಿದೆಯೇ ಎಂದು ವರ್ಷ ವರ್ಷ ನೋಡುತ್ತಿರಬೇಕು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇವನ್ನೆಲ್ಲ ಕೆರೆಯ ಹಸಿರು ಬಣ್ಣದ ಜೊತೆ ಸೇರಿಸಿ ಮಾತಾಡುವುದರಿಂದಲೇ ಚರ್ಚೆ ದಾರಿ ತಪ್ಪುತ್ತಿದೆ. ನೊರೆಯ ಕಾರಣ ಬೇರೆ, ಅದರಲ್ಲಿ ಸೋಪಿನಂಥ ವಸ್ತುಗಳ ಪಾಲು ದೊಡ್ಡದು. ಮೀನು ಸಾಯುವ ಕಾರಣ ಬೇರೆ. ಬೋರ್‌ವೆಲ್ ಕೆಡುವುದಾದರೆ ಅದರ ದಾರಿಯೇ ಬೇರೆ.

ಆದರೆ ಒಂದು ಕೊಂಡಿ ಇದೆ. ತಳದಲ್ಲಿ ಆಮ್ಲಜನಕ ಪೂರ್ತಿ ತೀರಿದಾಗ, ಕೆಸರು ಹಿಡಿದಿಟ್ಟುಕೊಂಡಿದ್ದ ರಂಜಕ, ಕಬ್ಬಿಣ, ಮ್ಯಾಂಗನೀಸ್ ಮತ್ತೆ ನೀರಿಗೆ ಬಿಡುಗಡೆಯಾಗುತ್ತವೆ. ಕೊಳೆತ ಮೊಟ್ಟೆಯ ವಾಸನೆಯೂ ಆಗಲೇ ಬರುವುದು. ಹೀಗೆ ಹೊರಬಂದ ರಂಜಕ ಮತ್ತೆ ಪಾಚಿಗೆ ಊಟ.

ಮುಂದೆ ಏನಾಗಬಹುದು

ಈಗಿರುವಂತೆಯೇ ನೀರು ಬರುತ್ತಾ ಹೋದರೆ, ಸಾಲಿನಲ್ಲಿ ಮೊದಲು ಸಿಗುವ ಕೆರೆಗಳು ಹೆಚ್ಚು ಭಾರ ಹೊರುತ್ತವೆ. ಗೊಬ್ಬರದ ದೊಡ್ಡ ಪಾಲು ಅಲ್ಲೇ ಪಾಚಿಯಾಗಿ, ಜೊಂಡಾಗಿ, ಹೂಳಾಗಿ ಕೂರುತ್ತದೆ. ಕೆಳಗಿನ ಕೆರೆಗಳಿಗೆ ಸ್ವಲ್ಪ ತಿಳಿಯಾದ ನೀರು ಹೋಗಬಹುದು. ಮೇಲಿನ ಕೆರೆಗಳು ಕೆಳಗಿನವುಗಳಿಗೆ ಸೋಸುವ ತೊಟ್ಟಿಯಾಗುತ್ತವೆ, ಅವುಗಳ ದಡದ ಊರುಗಳನ್ನು ಯಾರೂ ಕೇಳದೆಯೇ. ಇದು ನ್ಯಾಯವಲ್ಲ. ಹೂಳು ತೆಗೆಯುವ ಖರ್ಚು ಯಾರದ್ದು ಎಂಬುದು ಈಗಲೇ ತೀರ್ಮಾನವಾಗಬೇಕು. ಯಾಕೆಂದರೆ ನಾಳೆ ಶುದ್ಧ ನೀರೇ ಬಂದರೂ, ಹೂಳಿನಲ್ಲಿ ಕೂತ ರಂಜಕ ವರ್ಷಗಟ್ಟಲೆ ಕೆರೆಯನ್ನು ಹಸಿರಾಗಿಯೇ ಇಡಬಲ್ಲದು. ತಡ ಮಾಡಿದಷ್ಟೂ ಆ ಸಾಲ ಬೆಳೆಯುತ್ತದೆ.

ಸಾರಜನಕ, ರಂಜಕ ತೆಗೆಯುವ ವ್ಯವಸ್ಥೆ ಘಟಕದಲ್ಲೇ ಆದರೆ ಈ ಸರಪಳಿ ಮೊದಲಲ್ಲೇ ತುಂಡಾಗುತ್ತದೆ. ಅದಕ್ಕೆ ಹಣ, ಕರೆಂಟು, ನುರಿತ ಜನ ಬೇಕು. ಹೋರಾಟಗಾರರು ಕೇಳುವ ಮೂರನೇ ಹಂತ ಎಂದರೆ ಏನೇನು ಎಂಬುದನ್ನೂ ಬಿಡಿಸಿ ಬರೆಯಬೇಕು. ಬರೀ ಸೋಸಿ ಕ್ಲೋರಿನ್ ಹಾಕಿದರೂ ಅದನ್ನು ಮೂರನೇ ಹಂತ ಎಂದು ಕರೆಯಬಹುದು. ಆಗ ರೋಗಾಣು ಕಡಿಮೆಯಾಗುತ್ತದೆ, ನೀರು ತಿಳಿಯಾಗುತ್ತದೆ, ಆದರೆ ಕರಗಿದ ಗೊಬ್ಬರ ಬಹುಪಾಲು ಹಾಗೇ ಇರುತ್ತದೆ. ಕೆರೆ ಮತ್ತೆ ಹಸಿರಾಗುತ್ತದೆ. ಬೇಡಿಕೆ ಈಡೇರಿದ ಮೇಲೂ ಮೀನು ಸತ್ತರೆ ಜನರ ನಂಬಿಕೆ ಹೋಗುತ್ತದೆ. 2019ರ ಹಸಿರು ನ್ಯಾಯಮಂಡಳಿಯ ಆದೇಶದಲ್ಲಿ ಒಟ್ಟು ಸಾರಜನಕಕ್ಕೆ 10, ಒಟ್ಟು ರಂಜಕಕ್ಕೆ 1 ಮಿಲಿಗ್ರಾಂ ಎಂಬ ಮಿತಿ ಇದೆ. ಕೇಳುವುದಾದರೆ ಈ ಸಂಖ್ಯೆಗಳನ್ನೇ ಹೆಸರಿಸಿ ಕೇಳಬೇಕು.

ಈ ನೀರು ಕೋಲಾರದಲ್ಲೇ ನಿಲ್ಲುವುದೂ ಇಲ್ಲ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಬಹಳಷ್ಟು ಕೆರೆಗಳು ಕೋಡಿ ಹರಿದವು. ಪಾಲಾರ್ ಹಿಡಿದ ನೀರು ಆಂಧ್ರ ದಾಟಿ ತಮಿಳುನಾಡಿಗೆ ಹೋಗುತ್ತದೆ. ಮುಂದೆ ಅಂಥ ಮಳೆ ಬಂದಾಗ ಕೆಳಗಿನವರೂ ಇದೇ ಪ್ರಶ್ನೆ ಕೇಳುತ್ತಾರೆ.

ಅಷ್ಟರೊಳಗೆ ಮಾಡಬಹುದಾದ ಕೆಲಸ ಚಿಕ್ಕದು. ಕರಗಿದ ಆಮ್ಲಜನಕ ಅಳೆಯುವ ಮೀಟರ್ ಅನ್ನು ಎರಡು ಮೂರು ದಿನ ನೀರಿನಲ್ಲಿ ಬಿಟ್ಟರೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅದು ತಾನೇ ಬರೆದುಕೊಳ್ಳುತ್ತದೆ. ಮೀಟರ್ ಇಲ್ಲದಿದ್ದರೆ 1888ರಲ್ಲಿ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದ ವಿಧಾನ ಇದೆ. ಅದಕ್ಕೆ ಬೇಕಾದ ಬ್ಯೂರೆಟ್ಟು, ಸಾಮಾನ್ಯ ರಾಸಾಯನಿಕಗಳು ಡಿಗ್ರಿ ಕಾಲೇಜಿನ ಲ್ಯಾಬಿಗೆ ಹೊಸವಲ್ಲ. ಲಕ್ಷ್ಮೀಸಾಗರ, ನರಸಾಪುರ, ಎಸ್. ಅಗ್ರಹಾರದಂಥ ಕೆರೆಗಳಲ್ಲಿ ಮಾರ್ಚ್‌ನಿಂದ ಮೇವರೆಗೆ, ವಾರಕ್ಕೊಂದು ದಿನ, ಬೆಳಗಿನ ಜಾವ ಐದಕ್ಕೂ ಮಧ್ಯಾಹ್ನ ಎರಡಕ್ಕೂ ಅಳೆದು ಪಂಚಾಯಿತಿ ಕಚೇರಿಯ ಬೋರ್ಡಿನ ಮೇಲೆ ಬರೆದರೆ ಸಾಕು. ಎರಡು ಸಂಖ್ಯೆಗಳ ನಡುವಿನ ಅಂತರ ವಾರದಿಂದ ವಾರಕ್ಕೆ ಅಗಲವಾಗುತ್ತಾ ಹೋದರೆ, ಕೆರೆಗೆ ಗೊಬ್ಬರ ಜಾಸ್ತಿಯಾಗಿದೆ ಎಂದು ಪಂಪ್‌ಹೌಸ್‌ನವರಿಗೆ ತಿಳಿಯುತ್ತದೆ. ಬೆಳಗಿನ ಸಂಖ್ಯೆ ಮೂರಕ್ಕಿಂತ ಕೆಳಗಿಳಿದರೆ, ಮೀನಿನ ಟೆಂಡರ್ ಹಿಡಿದವರು ಮೋಡದ ದಿನಕ್ಕೆ ಕಾಯದೆ ಬಲೆ ಹಾಕಿ ಮೀನು ಹಿಡಿದುಬಿಡಬಹುದು.